ಬಾಗಿಲಿಲ್ಲದ ಬೋಗಿ: ರಷ್ಯಾದ ಪ್ಲಾಟ್ಸ್‌ಕಾರ್ಟ್ ದರ್ಜೆಯಲ್ಲಿ ದೂರ ಪ್ರಯಾಣ

ರಷ್ಯಾದಲ್ಲಿ ಸ್ಥಳೀಯರೊಂದಿಗೆ ಬೆರೆತು ದೂರದ ರೈಲು ಪ್ರಯಾಣ ಮಾಡಬೇಕೆನ್ನುವವರಿಗೆ, ನಾಲ್ಕು ಬರ್ತ್‌ಗಳ ಮುಚ್ಚಿದ ಕೋಣೆಯಾದ ಕುಪೆಗಿಂತ ಮೂರನೆಯ ದರ್ಜೆಯ ಪ್ಲಾಟ್ಸ್‌ಕಾರ್ಟ್ ಬೋಗಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಟಿಕೆಟ್ ಅಗ್ಗವೆಂಬುದು ನಿಜವಾದರೂ ನಾನು ಹೀಗೆ ಹೇಳುತ್ತಿರುವುದು ಬೋಗಿಯ ರಚನೆಯನ್ನು ನೋಡಿ. ಹಳೆಯ ಮಾದರಿಯ ಬೋಗಿಯಲ್ಲಿರುವ 54 ಬರ್ತ್‌ಗಳ ಪೈಕಿ 36 ನಾಲ್ಕು ನಾಲ್ಕರಂತೆ ಒಂಬತ್ತು ವಿಭಾಗಗಳಲ್ಲಿ ಹಂಚಿಹೋಗಿದ್ದು, ಉಳಿದ 18 ಓಡಾಡುವ ದಾರಿಯ ಆಚೆ ಬದಿಯಲ್ಲಿ ಕಿಟಕಿಗಳ ಉದ್ದಕ್ಕೂ ಇರುತ್ತವೆ. ಯಾವ ವಿಭಾಗಕ್ಕೂ ಬಾಗಿಲಿಲ್ಲ.

ಮೇಲಿನ ಬರ್ತ್‌ನಲ್ಲಿ ಮಲಗಬಹುದೇ ಹೊರತು ನೆಟ್ಟಗೆ ಕೂರಲಾಗದು. ಊಟದ ಮೇಜು ಇರುವುದು ಕೆಳಗಿನ ಎರಡು ಬರ್ತ್‌ಗಳ ನಡುವೆ. ಆದ್ದರಿಂದ ಮೇಲಿನವರು ಒಂದು ಲೋಟ ಚಹಾ ಕುಡಿಯಬೇಕೆಂದರೂ ಕೆಳಗಿನವರನ್ನು ಜಾಗ ಕೇಳಲೇಬೇಕಾಗುತ್ತದೆ, ಪರಿಚಯ ಶುರುವಾಗುವುದೂ ಅಲ್ಲಿಂದಲೇ. ಮಾಸ್ಕೋದಿಂದ ಸುಮಾರು 1,800 ಕಿ.ಮೀ. ದೂರದ ಯೆಕತೆರಿನ್‌ಬುರ್ಗ್‌ಗೆ ಹೋಗುವಾಗ ನನ್ನ ಕೆಳಗಿನ ಬರ್ತ್‌ನಲ್ಲಿದ್ದ ಅಜ್ಜಿ, ನಾನು ಇಳಿಯುವುದನ್ನು ಕಂಡೊಡನೆ ಹಾಸಿಗೆಯನ್ನು ಕಾಲ ಕಡೆಯಿಂದ ಅರ್ಧ ಸುತ್ತಿ ಜಾಗ ಮಾಡಿಕೊಟ್ಟು, ಬೇಯಿಸಿದ ಮೊಟ್ಟೆ, ಸೌತೆಕಾಯಿ, ಕಪ್ಪು ಬ್ರೆಡ್ಡು ಮತ್ತು ಕಾಗದದಲ್ಲಿ ಕಟ್ಟಿದ ಉಪ್ಪನ್ನು ಮೇಜಿನ ನಡುವಿಗೆ ತಳ್ಳಿದರು. ಬೇಡವೆಂದರೆ ಕೇಳುವ ಜೀವವಲ್ಲ. ಅಂತಹ ಮೇಜಿಗೆ ಕೈಬೀಸಿಕೊಂಡು ಹೋಗಬಾರದು. ಹಂಚಿ ತಿನ್ನಬಹುದಾದ ಬಿಸ್ಕತ್ತು, ಹಣ್ಣು ಅಥವಾ ಚಾಕೊಲೇಟನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಒಳಿತು.

ಉತ್ತರದ ತೈಲ ಮತ್ತು ಅನಿಲ ಕ್ಷೇತ್ರಗಳಲ್ಲಿ ವಾರಗಟ್ಟಲೆ ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕರೂ ಈ ಬೋಗಿಗಳಲ್ಲಿ ಸಿಗುತ್ತಾರೆ. ಮೊದಲು ಮೊಬೈಲಿನಲ್ಲಿ ಮಕ್ಕಳ ಫೋಟೊ ತೋರಿಸಿ, ಆಮೇಲೆ 36 ಎಲೆಗಳ ಕಟ್ಟು ತೆಗೆದು ದುರಾಕ್ ಎಂಬ ಇಸ್ಪೀಟಾಟಕ್ಕೆ ಕರೆಯುತ್ತಾರೆ. ಈ ಆಟದಲ್ಲಿ ಗೆಲ್ಲುವವರು ಯಾರೆಂಬುದಕ್ಕೆ ಬೆಲೆಯಿಲ್ಲ, ಕೊನೆಗೆ ಕೈಯಲ್ಲಿ ಎಲೆ ಉಳಿಸಿಕೊಂಡವರೇ ಸೋತವರು. ಭಾಷೆ ಬಾರದವರೂ ನೋಡನೋಡುತ್ತ ಕಲಿಯಬಹುದು. ಊರುಗಳ ನಡುವೆ ಇಂಟರ್ನೆಟ್ ಹೋಗಿಬಿಡುವುದರಿಂದ ಅನುವಾದದ ಆ್ಯಪ್‌ಗೆ ರಷ್ಯನ್ ಭಾಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು.

ಸೇವೆಯ ವಿಷಯದಲ್ಲಿ ದೂರುವಂತಹದು ಕಡಿಮೆ. ಬೋಗಿಯ ಜವಾಬ್ದಾರಿ ಹೊತ್ತ ಪ್ರವೊದ್ನಿತ್ಸಾ ಬಾಗಿಲಲ್ಲೇ ಪಾಸ್‌ಪೋರ್ಟ್ ಮತ್ತು ಟಿಕೆಟ್ ಹೋಲಿಸಿ ನೋಡಿ, ನಿಮ್ಮ ನಿಲ್ದಾಣ ಬರುವ ಮುನ್ನ ಎಬ್ಬಿಸಿ, ಕೇಳಿದರೆ ಲೋಹದ ಹಿಡಿಯಿರುವ ಗಾಜಿನ ಲೋಟವನ್ನೂ ಕೊಡುತ್ತಾರೆ. ಬೋಗಿಯ ತುದಿಯ ಬಾಯ್ಲರಿನಲ್ಲಿ ಬಿಸಿನೀರು ಹಗಲಿರುಳೂ ಉಚಿತ.

ಅನನುಕೂಲಗಳೂ ಬಾಗಿಲಿಲ್ಲದ್ದರ ಫಲವೇ: ಯಾರದೋ ಗೊರಕೆ, ಒಣಮೀನಿನ ವಾಸನೆ, ಚಳಿಗಾಲದಲ್ಲಿ ಅತಿಯಾದ ಹೀಟರಿನ ಸೆಕೆ. ಎತ್ತರದ ಪ್ರಯಾಣಿಕರ ಪಾದಗಳು ದಾರಿಗೆ ಚಾಚಿಕೊಂಡು ನಡೆಯುವವರ ಮುಖಕ್ಕೆ ತಾಕುವಂತಿರುತ್ತವೆ. ಹಳೆಯ ಬೋಗಿಗಳಲ್ಲಿ ದೊಡ್ಡ ನಿಲ್ದಾಣಗಳ ಹಿಂದುಮುಂದೆ ಶೌಚಾಲಯಕ್ಕೆ ಬೀಗ ಬೀಳುತ್ತದೆ, ಹೊಸ ಬಯೋ ಶೌಚಾಲಯಗಳಿರುವಲ್ಲಿ ಆ ತೊಂದರೆಯಿಲ್ಲ. ಈಚಿನ ಕೆಲವು ಬೋಗಿಗಳಲ್ಲಿ ಬರ್ತ್‌ಗಳಿಗೆ ಪರದೆ ಬಂದಿದೆ. ನಿದ್ದೆಗೆ ಅದು ಒಳ್ಳೆಯದು, ಮಾತಿಗೆ ಅಷ್ಟು ಒಳ್ಳೆಯದಲ್ಲ. ಒಂಟಿಯಾಗಿ ಹೊರಟ ಮಹಿಳೆಯರಿಗೆ, ಮೂವರು ಅಪರಿಚಿತರೊಂದಿಗೆ ಬಾಗಿಲು ಮುಚ್ಚಿಕೊಳ್ಳುವುದಕ್ಕಿಂತ ಎಲ್ಲರ ಕಣ್ಣೆದುರಿನ ಈ ವ್ಯವಸ್ಥೆಯೇ ಹೆಚ್ಚು ನೆಮ್ಮದಿಯದ್ದೆಂದು ನನಗೆ ತೋರುತ್ತದೆ.

ವಿದೇಶಿ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ಕಾರ್ಡುಗಳು 2022ರ ಮಾರ್ಚ್‌ನಿಂದ ರಷ್ಯಾದಲ್ಲಿ ನಡೆಯುವುದಿಲ್ಲವಾದ್ದರಿಂದ, ಪಾಸ್‌ಪೋರ್ಟ್ ಹಿಡಿದು ನಿಲ್ದಾಣದ ಕೌಂಟರಿನಲ್ಲಿ ರೂಬಲ್ ನಗದು ಕೊಟ್ಟು ಟಿಕೆಟ್ ಪಡೆಯುವುದು ಸುಲಭ. ಟಿಕೆಟ್ಟಿನಲ್ಲಿ ದೇಶಕ್ಕೆಲ್ಲ ಮಾಸ್ಕೋ ಸಮಯವನ್ನೇ ಮುದ್ರಿಸುವ ಪದ್ಧತಿ 2018ರ ಆಗಸ್ಟ್ 1ರಂದು ಕೊನೆಗೊಂಡು ಸ್ಥಳೀಯ ಸಮಯ ಬಂದಿದೆ, ಹಳೆಯ ಪ್ರವಾಸ ಕೈಪಿಡಿಗಳನ್ನು ನಂಬಬಾರದು.

ಮಾಸ್ಕೋದಿಂದ ವ್ಲಾದಿವೊಸ್ತೋಕ್‌ವರೆಗಿನ 9,288 ಕಿ.ಮೀ.ಗಳನ್ನು ಒಂದೇ ಉಸಿರಿಗೆ ಈ ದರ್ಜೆಯಲ್ಲಿ ಮುಗಿಸಿರೆಂದು ನಾನು ಯಾರಿಗೂ ಹೇಳಲಾರೆ. ಒಂದೆರಡು ರಾತ್ರಿಗಳ ತುಂಡುಗಳಾಗಿ ಮಾಡಿಕೊಂಡರೆ ಸಹಪ್ರಯಾಣಿಕರೂ ಬದಲಾಗುತ್ತಾರೆ, ಸ್ನಾನವೂ ಆಗುತ್ತದೆ. ಬರ್ತ್ ಆರಿಸುವಾಗ 13ರಿಂದ 24ರವರೆಗಿನ ಬರ್ತ್‌ಗಳಿರುವ ನಡುವಿನ ವಿಭಾಗಗಳಲ್ಲಿ ಸಮ ಸಂಖ್ಯೆಯದನ್ನು, ಎಂದರೆ ಮೇಲಿನದನ್ನು ಕೇಳಿ ಪಡೆಯಿರಿ. ಶೌಚಾಲಯಕ್ಕೆ ಅಂಟಿಕೊಂಡಿರುವ 37 ಮತ್ತು 38 ಮಾತ್ರ ಬೇಡ.