ಕೈ ನಿಂತರೆ ಬರೆದದ್ದೆಲ್ಲ ಮಾಯ: ಹೆದರಿಸಿ ಬರೆಸುವ ಆ್ಯಪ್ ಕನ್ನಡಕ್ಕೆ ಒಗ್ಗುತ್ತದೆಯೇ?

‘ದಿ ಮೋಸ್ಟ್ ಡೇಂಜರಸ್ ರೈಟಿಂಗ್ ಆ್ಯಪ್’ ಅನ್ನು 2016ರಲ್ಲಿ ರೂಪಿಸಿದವರು ಮಾನ್ಯುಯೆಲ್ ಎಬರ್ಟ್. ಈಗ ಅದು ಸ್ಕ್ವಿಬ್ಲರ್ ಜಾಲತಾಣದಲ್ಲಿದೆ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅವಧಿ ಆರಿಸಿಕೊಂಡು ಬರೆಯತೊಡಗಬೇಕು. ಕೈ ನಿಂತರೆ ಅಕ್ಷರಗಳು ಮಾಸತೊಡಗುತ್ತವೆ. 5 ಸೆಕೆಂಡು ದಾಟಿತೋ, ಅಷ್ಟೂ ಅಳಿಸಿಹೋಗುತ್ತದೆ.

ಮೊದಲ ಸಾಲನ್ನೇ ಬರೆದು ಅಳಿಸಿ, ಬರೆದು ಅಳಿಸಿ ಕೂರುವವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ‘ಚೆನ್ನಾಗಿಲ್ಲ’ ಎಂಬ ಅಳುಕು ಹುಟ್ಟುವುದು ಬರೆದದ್ದನ್ನು ತಿರುಗಿ ಓದಿದಾಗ. ಇಲ್ಲಿ ಅದಕ್ಕೆ ಪುರುಸೊತ್ತೇ ಇಲ್ಲ. ಪೀಟರ್ ಎಲ್ಬೋ ಅವರಂಥ ಅಧ್ಯಾಪಕರು 1970ರ ದಶಕದಲ್ಲೇ ಹೇಳಿಕೊಟ್ಟ, ಪೆನ್ನೆತ್ತದೆ ಗೀಚುವ ಅಭ್ಯಾಸವೇ ಇದು. ಹೊಸದೆಂದರೆ ದಂಡನೆ ಮಾತ್ರ.

ಕನ್ನಡದಲ್ಲಿ ತೊಡಕಾಗುವುದು ಕೀಲಿಮಣೆ. ವಿಚಾರ ಸಿದ್ಧವಿದ್ದರೂ ಒತ್ತಕ್ಷರ ಹುಡುಕುವಷ್ಟರಲ್ಲಿ ಸೆಕೆಂಡುಗಳು ಜಾರುತ್ತವೆ. ‘ಕ್ಷ’ವನ್ನು ಬಿಡಿ ಕೀಲಿಗಳಿಂದ ಕೂಡಿಸಲು, ಭಾರತೀಯ ಭಾಷೆಗಳ ಕೀಲಿಮಣೆ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ಡಿ, ಆಮೇಲೆ ಶಿಫ್ಟ್ ಹಿಡಿದು ಅಲ್ಪವಿರಾಮದ ಕೀಲಿ ಒತ್ತಬೇಕು, ‘ನುಡಿ’ ತಂತ್ರಾಂಶದ ಕೆ.ಪಿ. ರಾವ್ ವಿನ್ಯಾಸದಲ್ಲಿ ಕೆ, ಎಫ್, ಎಕ್ಸ್ ಸಾಕು. ಬೆರಳಿಗೆ ಯಾವುದು ಪಳಗಿದೆಯೋ ಅದರಲ್ಲೇ ಬರೆಯಿರಿ. ಹೊಸ ವಿನ್ಯಾಸ ಕಲಿಯುವ ಜಾಗ ಇದಲ್ಲ. ನುಡಿ ಯೂನಿಕೋಡ್‌ಗೇ ಹೊಂದಿಸಿದೆಯೇ ನೋಡಿಕೊಳ್ಳಿ, ತನ್ನದೇ ಫಾಂಟ್ ಇದ್ದರಷ್ಟೇ ಓದಿಸಿಕೊಳ್ಳುವ ಹಳೆಯ ಆಸ್ಕಿ ಕ್ರಮದಲ್ಲಿದ್ದರೆ ಬ್ರೌಸರಿನಲ್ಲಿ ಬರೀ ಚಿತ್ರವಿಚಿತ್ರ ಚಿಹ್ನೆಗಳು ಬೀಳುತ್ತವೆ. ಇಂಗ್ಲಿಷ್ ಪದ ಬಂದರೆ ಕನ್ನಡ ಲಿಪಿಯಲ್ಲೇ ಹೊಡೆದುಬಿಡಿ. ನಡುವೆ ಭಾಷೆ ಬದಲಿಸಲು ಹೋದರೆ ಪುಟವೇ ಹಾರಬಹುದು. ಫೋನಿಗಿಂತ ಕಂಪ್ಯೂಟರ್ ವಾಸಿ: ಫೋನಿನಲ್ಲಿ ಒಂದು ಕರೆ ಬಂದರೂ ಕತೆ ಮುಗಿಯಿತು.

ಮೊದಲಿಗೆ 5 ನಿಮಿಷದ ಅವಧಿ ಸಾಕು. ಏನೂ ಹೊಳೆಯದಾಗ ‘ಮುಂದೇನು, ಮುಂದೇನು’ ಎಂದೇ ಹೊಡೆಯುತ್ತಿರಿ, ಸಾಮಾನ್ಯವಾಗಿ ಮೂರನೆಯ ಸಲಕ್ಕೆ ಬೇಸತ್ತು ಮನಸ್ಸೇ ಬೇರೆ ಮಾತು ಎತ್ತುತ್ತದೆ. ಇಸವಿ, ಊರಿನ ಹೆಸರು ನೆನಪಾಗದಿದ್ದರೆ ‘ನೋಡಬೇಕು’ ಎಂದು ಬರೆದು ಮುಂದೆ ಹೋಗಿ. ಹುಡುಕಲು ಇನ್ನೊಂದು ಟ್ಯಾಬ್ ತೆರೆಯುವುದೆಂದರೆ ಬರೆದದ್ದಕ್ಕೆ ನೀವೇ ಎಳ್ಳುನೀರು ಬಿಟ್ಟಂತೆ. ಹಾಗಾಗಿ ಅನುವಾದಕ್ಕೆ, ವರದಿಗೆ, ಅಂಕಿಅಂಶದ ಲೇಖನಕ್ಕೆ ಇದನ್ನು ಮುಟ್ಟಲೇಬೇಡಿ. ಕತೆಯ ಮೊದಲ ಕರಡು, ಪ್ರಬಂಧ, ಪತ್ರ ಇಂಥವಕ್ಕೆ ಸರಿ.

ಹಾರ್ಡ್‌ಕೋರ್ ಮೋಡ್ ಎಂಬುದೊಂದಿದೆ, ಕೈ ನಿಲ್ಲದಿದ್ದರೂ ಬರೆದದ್ದನ್ನು ಮಸುಕಾಗಿಸುತ್ತದೆ. ಕನ್ನಡಕ್ಕೆ ಅದು ದಂಡ. ಕೊಂಬು, ದೀರ್ಘ, ಒತ್ತು ಸರಿಯಾಗಿ ಕೂತಿದೆಯೇ ಎಂದು ಕಣ್ಣಿಗೆ ಕಾಣದಿದ್ದರೆ ಆಮೇಲೆ ತಿದ್ದುವ ಕೆಲಸ ಬರೆಯುವುದಕ್ಕಿಂತ ಹೆಚ್ಚಾಗುತ್ತದೆ.

ಬರೆದದ್ದನ್ನು ಸಂಪಾದಕರಿಗೆ ಕಳಿಸುವ ಭಯಕ್ಕೆ ಈ ಆ್ಯಪ್‌ನಲ್ಲಿ ಮದ್ದಿಲ್ಲ. ಖಾಲಿ ಪುಟದ ಭಯವೊಂದನ್ನು ಇದು, ಬರೆದದ್ದನ್ನು ಕಳೆದುಕೊಳ್ಳುವ ಭಯದಿಂದ ಹೊಡೆದೋಡಿಸುತ್ತದೆ, ಅಷ್ಟೇ. ಗಡಿಯಾರ ನೋಡಿದರೇ ಎದೆ ಢವಗುಟ್ಟುವವರು ಸಾಮಾನ್ಯ ನೋಟ್‌ಪ್ಯಾಡ್ ತೆರೆದು, ಪರದೆಯ ಬೆಳಕು ಪೂರ್ತಿ ತಗ್ಗಿಸಿ ಬರೆಯಲಿ. ತಿರುಗಿ ಓದುವ ಚಟ ಅದರಿಂದಲೂ ತಕ್ಕಮಟ್ಟಿಗೆ ತಪ್ಪುತ್ತದೆ, ಬರೆದದ್ದೂ ಉಳಿಯುತ್ತದೆ.