ನಾವಿಲ್ಲದಾಗಲೂ ನಿಲ್ಲಬೇಕಾದ ಊರು: ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಆಟದ ವಿಮರ್ಶೆ

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿರುವ ಸೂಪರ್‌ಸೆಲ್ ಸಂಸ್ಥೆಯ ‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’, ಸ್ವಂತ ಊರು ಕಟ್ಟಿ ಇತರ ಆಟಗಾರರ ಊರುಗಳ ಮೇಲೆ ದಾಳಿ ಮಾಡುವ ಆಟ, 2012ರ ಆಗಸ್ಟ್‌ನಲ್ಲಿ ಐಫೋನ್ ಮತ್ತು ಐಪ್ಯಾಡ್‌ಗಳಿಗೂ ಮರುವರ್ಷ ಆಂಡ್ರಾಯ್ಡ್ ಫೋನ್‌ಗಳಿಗೂ ಬಂದಿತು. ಅಂದಿನಿಂದ ಇದರ ಬಗ್ಗೆ ನಡೆದಿರುವ ಮಾತುಕತೆಯಲ್ಲಿ ಬಹುಪಾಲು ದಾಳಿಗೆ ಸಂಬಂಧಿಸಿದ್ದು: ಯಾವ ಸೈನ್ಯ ಒಯ್ಯಬೇಕು, ಎಲ್ಲಿಂದ ನುಗ್ಗಬೇಕು, ಮೂರು ನಕ್ಷತ್ರ ಹೇಗೆ ಗಳಿಸಬೇಕು ಎಂಬುದು. ನನ್ನ ಅಭಿಪ್ರಾಯದಲ್ಲಿ ಈ ಆಟದ ಜೀವಾಳ ಇರುವುದು ಊರು ಕಟ್ಟುವುದರಲ್ಲಿ. ಸಾಮಾನ್ಯವಾಗಿ ಶತ್ರು ನಮ್ಮ ಊರಿನ ಮೇಲೆ ಬೀಳುವುದು ನಾವು ಆಟ ಮುಚ್ಚಿ ಬೇರೆ ಕೆಲಸದಲ್ಲಿರುವಾಗ. ಆ ಹೊತ್ತಿನಲ್ಲಿ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲವಾದ್ದರಿಂದ, ಎದುರಾಳಿ ಹೇಗೆ ಯೋಚಿಸುತ್ತಾನೆಂದು ಮೊದಲೇ ಊಹಿಸಿ, ಆ ಊಹೆಯನ್ನೇ ಗೋಡೆ, ಗೋಪುರ, ಬಲೆಗಳ ರೂಪದಲ್ಲಿ ಇಟ್ಟು ಹೋಗಬೇಕಾಗುತ್ತದೆ.

ದಾಳಿಯ ನಿಯಮಗಳು ಸರಳವಾಗಿವೆ. ಮೂರು ನಿಮಿಷಗಳೊಳಗೆ ಊರಿನ ಅರ್ಧಭಾಗ ಕೆಡವಿದರೆ ಒಂದು ನಕ್ಷತ್ರ, ಊರಿನ ಮುಖ್ಯ ಕಟ್ಟಡವಾದ ಟೌನ್ ಹಾಲ್ ಬಿದ್ದರೆ ಇನ್ನೊಂದು, ಎಲ್ಲವೂ ನೆಲಸಮವಾದರೆ ಮೂರನೆಯದು. ಇಷ್ಟರಿಂದಲೇ ಕಟ್ಟುವವನ ಮುಂದೆ ಕಷ್ಟದ ಆಯ್ಕೆಯೊಂದು ಹುಟ್ಟುತ್ತದೆ. ನಡುಮಧ್ಯದ ಸುರಕ್ಷಿತ ಜಾಗವನ್ನು ಟೌನ್ ಹಾಲ್‌ಗೆ ಕೊಟ್ಟರೆ ನಕ್ಷತ್ರ ಉಳಿಯಬಹುದು, ಆದರೆ ಚಿನ್ನ ಮತ್ತು ಎಲಿಕ್ಸಿರ್ ತುಂಬಿದ ಉಗ್ರಾಣಗಳು ಅಂಚಿಗೆ ಸರಿಯುತ್ತವೆ. ಉಗ್ರಾಣಗಳನ್ನು ಒಳಗಿಟ್ಟರೆ ಸಂಪತ್ತು ಉಳಿದು ನಕ್ಷತ್ರ ಹೋಗುತ್ತದೆ. ಅನುಭವಿಗಳು ಯುದ್ಧಕ್ಕೆ ಒಂದು ಲೇಔಟ್, ಸಂಪತ್ತು ಕಾಯಲು ಇನ್ನೊಂದು ಲೇಔಟ್ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

2015ರ ಡಿಸೆಂಬರ್‌ವರೆಗೆ ಈ ಆಯ್ಕೆಗೆ ವಿಚಿತ್ರವಾದ ಉತ್ತರವೊಂದಿತ್ತು. ಅನೇಕರು ಟೌನ್ ಹಾಲನ್ನು ಗೋಡೆಯ ಹೊರಗೆ ಬೇಕೆಂದೇ ಒಂಟಿಯಾಗಿ ನಿಲ್ಲಿಸುತ್ತಿದ್ದರು. ಯಾರಾದರೂ ಅದನ್ನಷ್ಟೇ ಹೊಡೆದು ಹೋದರೆ ಊರಿಗೆ ಶೀಲ್ಡ್ (ಕೆಲವು ಗಂಟೆ ಬೇರೆ ದಾಳಿಯಾಗದಂತೆ ಕಾಯುವ ರಕ್ಷಣೆ) ಸಿಗುತ್ತಿತ್ತು, ಒಳಗಿನ ಸಂಪತ್ತು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತಿತ್ತು. ಆ ತಿಂಗಳ ಅಪ್‌ಡೇಟ್ ಶೀಲ್ಡ್‌ನ ನಿಯಮ ಬದಲಿಸಿ ಈ ರೂಢಿಯನ್ನು ಕೊನೆಗೊಳಿಸಿತು. 2018ರಲ್ಲಿ ಹನ್ನೆರಡನೆಯ ಹಂತದ ಟೌನ್ ಹಾಲ್‌ಗೆ ಅದರದೇ ಆಯುಧ ಬಂದ ಮೇಲೆ, ಅದುವರೆಗೆ ಕಾಯಬೇಕಾಗಿದ್ದ ಕಟ್ಟಡವೇ ಕಾಯುವ ಕಟ್ಟಡವೂ ಆಯಿತು. ಇಂಥ ಬದಲಾವಣೆಗಳು ಹಳೆಯ ಊರುಗಳನ್ನು ಮತ್ತೆ ಯೋಚಿಸಿ ಕಟ್ಟುವಂತೆ ಮಾಡಿರುವುದನ್ನು ನಾನು ಆಟದ ದೊಡ್ಡ ಗುಣವೆಂದು ಪರಿಗಣಿಸುತ್ತೇನೆ.

ಕಟ್ಟುವಿಕೆಯ ನಿಜವಾದ ಸೊಗಸು ಸೈನಿಕರ ಸ್ವಭಾವವನ್ನು ಅರಿಯುವುದರಲ್ಲಿದೆ. ಜೈಂಟ್‌ಗಳು ಬೇರೇನನ್ನೂ ಲೆಕ್ಕಿಸದೆ ರಕ್ಷಣಾ ಕಟ್ಟಡಗಳತ್ತ ನಡೆಯುತ್ತವೆ, ಗಾಬ್ಲಿನ್‌ಗಳ ಗಮನ ಸಂಪತ್ತಿನ ಮೇಲೆ, ಹಾಗ್ ರೈಡರ್‌ಗಳು ಗೋಡೆಯನ್ನು ಹಾರಿಯೇ ಬರುತ್ತವೆ. ಹೀಗೆ ನಡಿಗೆ ಮೊದಲೇ ಗೊತ್ತಿರುವುದರಿಂದ, ಎರಡು ಗೋಪುರಗಳ ನಡುವಿನ ಒಂದೆರಡು ಚೌಕಗಳಲ್ಲಿ ಸ್ಪ್ರಿಂಗ್ ಟ್ರ್ಯಾಪ್ ಅಡಗಿಸಿದರೆ ಒಂದರಿಂದ ಇನ್ನೊಂದಕ್ಕೆ ಸಾಗುವ ಜೈಂಟ್‌ಗಳನ್ನು ಅದು ಎತ್ತಿ ಎಸೆಯುತ್ತದೆ. ಕ್ಯಾನನ್ ಮತ್ತು ಮಾರ್ಟರ್ ನೆಲದ ಮೇಲಿನವರನ್ನಷ್ಟೇ ಹೊಡೆಯುತ್ತವೆ. ಮಾರ್ಟರ್‌ಗೆ ತನ್ನ ಪಕ್ಕಕ್ಕೇ ಬಂದು ನಿಂತವನನ್ನು ಹೊಡೆಯಲಾಗದು, ಆದ್ದರಿಂದ ಅದನ್ನು ಒಳಗಿಟ್ಟು ಆರ್ಚರ್ ಟವರ್‌ಗಳ ಕಾವಲು ಕೊಡಬೇಕು. ಏರ್ ಡಿಫೆನ್ಸ್ ಆಕಾಶವನ್ನು ಮಾತ್ರ ನೋಡುತ್ತದೆ. ಅದನ್ನು ಅಂಚಿನಲ್ಲಿಟ್ಟ ಊರು ಡ್ರ್ಯಾಗನ್‌ಗಳ ಮುಂದೆ ಬೇಗ ಕುಸಿಯುತ್ತದೆ. ಗೋಡೆಯನ್ನು ಇಡೀ ಊರಿನ ಸುತ್ತ ಒಂದೇ ಆವರಣವಾಗಿ ಹಾಕುವುದಕ್ಕಿಂತ ಚಿಕ್ಕ ಚಿಕ್ಕ ಅಂಕಣಗಳಾಗಿ ಒಡೆಯುವುದು ಮೇಲು, ಏಕೆಂದರೆ ಒಂದು ಕಡೆ ಗೋಡೆ ಬಿದ್ದರೂ ಸೈನ್ಯ ಆ ಒಂದು ಅಂಕಣಕ್ಕಷ್ಟೇ ಪ್ರವೇಶ ಪಡೆಯುತ್ತದೆ, ಮುಂದಿನದಕ್ಕಾಗಿ ಮತ್ತೆ ನಿಂತು ಹೊಡೆಯಬೇಕಾಗುತ್ತದೆ, ಆ ನಿಲುಗಡೆಯ ಪ್ರತಿ ಕ್ಷಣವೂ ಗೋಪುರಗಳಿಗೆ ಲಾಭ. ಬ್ಯಾರಕ್, ಆರ್ಮಿ ಕ್ಯಾಂಪ್‌ಗಳಂಥ ನಿರಾಯುಧ ಕಟ್ಟಡಗಳು ಸಹ ಹೊರಗೆ ನಿಂತು, ಹತ್ತಿರ ಸಿಕ್ಕಿದ್ದನ್ನೇ ಹೊಡೆಯುವ ಸೈನಿಕರನ್ನು ತಡೆದು ಹಿಡಿಯುತ್ತವೆ.

ದಾಳಿ ಮುಗಿದ ಮೇಲೆ ಸಿಗುವ ರೀಪ್ಲೇಯನ್ನು ಬಹಳ ಮಂದಿ ನೋಡದೆ ಬಿಡುತ್ತಾರೆ. ಊರು ಎಷ್ಟು ಶೇಕಡಾ ಬಿತ್ತು ಎಂಬ ಅಂಕಿ ಏನನ್ನೂ ಕಲಿಸುವುದಿಲ್ಲ. ಶತ್ರು ಯಾವ ಮೂಲೆಯನ್ನು ಆರಿಸಿಕೊಂಡ, ಯಾವ ಬಲೆ ಮುಟ್ಟದೆ ಉಳಿಯಿತು ಎಂಬುದು ಕಲಿಸುತ್ತದೆ.

ಇನ್ನು ಕೊರತೆ. ಕಟ್ಟಡ ಕಟ್ಟುವ, ಏರಿಸುವ ಕೆಲಸಗಾರರಾದ ಬಿಲ್ಡರ್‌ಗಳು ಆರಂಭದಲ್ಲಿ ಇಬ್ಬರೇ. ಇನ್ನಷ್ಟು ಮಂದಿ ಬೇಕಾದರೆ ಹೆಚ್ಚಾಗಿ ಜೆಮ್ (ದುಡ್ಡು ಕೊಟ್ಟೂ ಕೊಳ್ಳಬಹುದಾದ ಆಟದ ರತ್ನ) ತೆರಬೇಕು. ಮೊದಮೊದಲು ನಿಮಿಷಗಳಲ್ಲಿ ಮುಗಿಯುವ ಅಪ್‌ಗ್ರೇಡ್‌ಗಳು ಮೇಲಿನ ಹಂತಗಳಲ್ಲಿ ವಾರಕ್ಕೂ ಹೆಚ್ಚು ಹಿಡಿಯುತ್ತವೆ, ಮತ್ತು ಆ ಕಾಯುವಿಕೆಯನ್ನು ದುಡ್ಡಿನಿಂದ ಕೊಳ್ಳಬಹುದೆಂಬ ಆಮಿಷ ಕಣ್ಣೆದುರಿಗೇ ಇರುತ್ತದೆ. 2025ರ ಮಾರ್ಚ್‌ನಲ್ಲಿ ಸೈನ್ಯ ತರಬೇತಿಯ ಕಾಯುವಿಕೆಯನ್ನು ತೆಗೆದುಹಾಕಿದ್ದು ನ್ಯಾಯವಾದ ಹೆಜ್ಜೆ, ಆದರೆ ಅದು ದಾಳಿ ಮಾಡುವವನಿಗೆ ಕೊಟ್ಟ ರಿಯಾಯಿತಿ. ಕಟ್ಟುವವನು ಕಾಯುತ್ತಲೇ ಇರಬೇಕು. ಅವಸರದಲ್ಲಿ ಟೌನ್ ಹಾಲನ್ನಷ್ಟೇ ಏರಿಸಿಕೊಂಡು ಹೋದವರ ಊರಿನಲ್ಲಿ ಗೋಡೆ, ಗೋಪುರಗಳು ಹಿಂದುಳಿದು, ಬಲಿಷ್ಠರ ಎದುರು ದುರ್ಬಲ ರಕ್ಷಣೆ ನಿಲ್ಲುತ್ತದೆ. ಸಮಯ ಕೊಡಲು ಸಿದ್ಧರಿರುವವರು ಹಣ ಕೊಡದೆಯೂ ಚೆನ್ನಾಗಿ ಆಡಬಹುದು. ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಿಡುವುದು ಅಗತ್ಯ.

ಬೇರೆಯವರ ಲೇಔಟನ್ನು ಲಿಂಕ್ ಒತ್ತಿ ನಕಲು ಮಾಡಿಕೊಳ್ಳುವ ಸೌಲಭ್ಯವನ್ನು ನಾನು ಶಿಫಾರಸು ಮಾಡುವುದಿಲ್ಲ. ಪ್ರಸಿದ್ಧವಾದ ವಿನ್ಯಾಸವನ್ನು ಎದುರಾಳಿಯೂ ನೋಡಿರುತ್ತಾನೆ, ಅದರ ಬಲೆಗಳು ಅವನಿಗೆ ಬಾಯಿಪಾಠವಾಗಿರುತ್ತವೆ. ಅದಕ್ಕಿಂತ, ಒಳ್ಳೆಯ ಕ್ಲ್ಯಾನ್ (ಆಟಗಾರರ ಗುಂಪು) ಒಂದನ್ನು ಸೇರಿ, ಸ್ವಂತವಾಗಿ ಹಾಕಿದ ಲೇಔಟನ್ನು ಫ್ರೆಂಡ್ಲಿ ಚಾಲೆಂಜ್‌ಗೆ ಒಡ್ಡುವುದು ಉತ್ತಮ: ಜೊತೆಗಾರರು ಅದರ ಮೇಲೆ ದಾಳಿ ಮಾಡಿದಾಗ ಯಾರ ಸಂಪತ್ತೂ ಸೈನ್ಯವೂ ಕಳೆಯುವುದಿಲ್ಲ, ಮತ್ತು ಎಲ್ಲಿ ಸಡಿಲವಿದೆಯೆಂದು ಅವರೇ ಹೇಳುತ್ತಾರೆ.