ಹಲ್ಲಿನ ಇಂಜೆಕ್ಷನ್: ಜೆಲ್, ಸ್ಪ್ರೇ, ಮೆಷಿನ್, ನಿಧಾನದ ಕೈ. ಯಾವುದು ಕಡಿಮೆ ನೋಯಿಸಿತು?

ಮೊದಲೇ ಹೇಳಿಬಿಡುತ್ತೇನೆ. ನನಗೆ ಹೆಚ್ಚು ನೋವಾದದ್ದು ಸೂಜಿ ಚುಚ್ಚುವಾಗ ಅಲ್ಲ, ಔಷಧ ಒಳಗೆ ತಳ್ಳುವಾಗ. ಮುಂಬೈ ಕಡೆಯ ಡೊಂಬಿವಲಿ, ಮಾಟುಂಗಾ ಎರಡೂ ಕಡೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಅನುಭವದಿಂದ ಹೇಳುತ್ತಿದ್ದೇನೆ.

ಚುಚ್ಚುವ ಮೊದಲು ವಸಡು ಮರಗಟ್ಟಿಸಲು ಸ್ಪ್ರೇ ಇಲ್ಲವೇ ಜೆಲ್ ಹಾಕುತ್ತಾರೆ. ಸ್ಪ್ರೇ ನನಗೆ ಹಿಡಿಸಲಿಲ್ಲ. ಬಾಯೆಲ್ಲ ಕಹಿ. ಗಂಟಲಿಗೂ ಇಳಿದು ಎಂಜಲು ನುಂಗಲು ಕಷ್ಟ. ಜೆಲ್ ವಾಸಿ. ಆದರೆ ವಸಡನ್ನು ಹತ್ತಿಯಿಂದ ಒರೆಸಿ, ಹಚ್ಚಿ, ಒಂದೆರಡು ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ಚುಚ್ಚಿದರೆ ಹಚ್ಚಿಯೂ ಉಪಯೋಗವಿಲ್ಲ. ಜೆಲ್ ಮರಗಟ್ಟಿಸುವುದು ಮೇಲಿನ ಎರಡು ಮೂರು ಮಿಲಿಮೀಟರ್ ಮಾತ್ರ. ಕೆಳ ದವಡೆಯ ಬ್ಲಾಕ್‌ಗೆ, ಅಂದರೆ ನರವನ್ನೇ ಮರಗಟ್ಟಿಸುವ ಇಂಜೆಕ್ಷನ್‌ಗೆ, ಸೂಜಿ ಎರಡು ಸೆಂಟಿಮೀಟರ್‌ನಷ್ಟು ಒಳಗೆ ಹೋಗುತ್ತದೆ. ಅಲ್ಲಿ ಜೆಲ್ ಏನು ಮಾಡೀತು?

ಸೂಜಿಯ ದಪ್ಪಕ್ಕೆ ಜನ ಸುಮ್ನೆ ಹೆದರುತ್ತಾರೆ. 27 ಗೇಜ್, ಅದಕ್ಕಿಂತ ತೆಳುವಾದ 30 ಗೇಜ್ ಎರಡನ್ನೂ ಕಂಡಿದ್ದೇನೆ. ವ್ಯತ್ಯಾಸ ಗೊತ್ತಾಗಲಿಲ್ಲ.

ವ್ಯತ್ಯಾಸ ಗೊತ್ತಾದದ್ದು ವೇಗದಲ್ಲಿ. ಮರಗಟ್ಟಿಸುವ ಲಿಗ್ನೋಕೇನ್ ಜೊತೆ ಅಡ್ರಿನಲಿನ್ ಸೇರಿದ ಔಷಧ ಸ್ವಲ್ಪ ಆಮ್ಲೀಯ, ಅದಕ್ಕೇ ಚುರುಚುರು ಎನ್ನುತ್ತದೆ. ಜೋರಾಗಿ ತಳ್ಳಿದರೆ ಒಳಗಿನ ಮಾಂಸ ಬಿಗಿದು ಅದೇ ಇನ್ನೊಂದು ನೋವು. ನಿಮಿಷಕ್ಕೆ ಒಂದು ಮಿಲಿಲೀಟರ್‌ಗಿಂತ ಜಾಸ್ತಿ ಹೋಗಬಾರದು ಎನ್ನುವುದು ದಂತವೈದ್ಯರ ಪಾಠ. ಸಿರಿಂಜಿಗೆ ಹಾಕುವ ಔಷಧದ ಕೊಳವೆ, ಅಂದರೆ ಕಾರ್ಟ್ರಿಜ್‌ನಲ್ಲಿ ಇರುವುದು 1.8 ಮಿಲಿಲೀಟರ್, ಅಂದರೆ ಹತ್ತಿರ ಎರಡು ನಿಮಿಷ. ಒಂದು ಕಡೆ ಕೆಲವೇ ಸೆಕೆಂಡಿನಲ್ಲಿ ಮುಗಿಸಿದರು. ಕಣ್ಣಲ್ಲಿ ನೀರು ಬಂತು, ಎದೆಯೂ ಡವಡವ ಹೊಡೆದುಕೊಂಡಿತು. ಮಾಟುಂಗಾದ ಹಿರಿಯ ಡಾಕ್ಟರಮ್ಮ ಕೆನ್ನೆ ಹಿಡಿದು ಅಲ್ಲಾಡಿಸುತ್ತಾ, ಮಾತಾಡಿಸುತ್ತಾ ಹನಿಹನಿಯಾಗಿ ಬಿಟ್ಟರು. ಅದೇ ಔಷಧ, ಅದೇ ದವಡೆ. ಮುಗಿದದ್ದೇ ತಿಳಿಯಲಿಲ್ಲ! ಅಲ್ಲಾಡಿಸಿದಾಗ ಆ ಸ್ಪರ್ಶ ನೋವಿನ ಸುದ್ದಿಯನ್ನು ಮಿದುಳಿಗೆ ಹೋಗುವ ದಾರಿಯಲ್ಲೇ ತಗ್ಗಿಸುತ್ತದಂತೆ.

ಕಂಪ್ಯೂಟರ್ ಮೆಷಿನ್ ಮಾಡುವುದೂ ಇದನ್ನೇ, ಒಂದೇ ಹದದಲ್ಲಿ ನಿಧಾನವಾಗಿ ಬಿಡುವುದು. ಚೆನ್ನಾಗಿತ್ತು, ನಿಜ. ಆದರೆ ಡಾಕ್ಟರಮ್ಮನ ಕೈಗಿಂತ ಮೇಲು ಅನ್ನಿಸಲಿಲ್ಲ. ಬಿಲ್ಲಿನಲ್ಲಿ ಅದಕ್ಕೆ ಬೇರೆ ದುಡ್ಡು.

ಮೆಷಿನ್‌ಗೆ ದುಡ್ಡು ಕೊಡುವುದಾದರೆ ಅಂಗುಳಿನ ಇಂಜೆಕ್ಷನ್‌ಗೆ ಕೊಡಿ. ಅಲ್ಲಿ ಚರ್ಮ ಎಲುಬಿಗೆ ಅಂಟಿಕೊಂಡಿರುತ್ತದೆ, ಔಷಧಕ್ಕೆ ಜಾಗವೇ ಇಲ್ಲ. ಎಷ್ಟೇ ಒಳ್ಳೆಯ ಕೈಯಾದರೂ ನೋಯುತ್ತದೆ. ಚುಚ್ಚುವ ಜಾಗವನ್ನು ಮೊದಲು ಹತ್ತಿಕಡ್ಡಿಯಿಂದ ಗಟ್ಟಿಯಾಗಿ ಒತ್ತಿ ಹಿಡಿದಾಗ ನನಗೆ ಅರ್ಧ ನೋವು ಕಡಿಮೆಯಾಯಿತು. ಮೇಲಿನ ಹಲ್ಲು ಕೀಳಿಸುವುದಿದ್ದರೆ ಆರ್ಟಿಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಔಷಧ ಇದೆಯೇ ಎಂದು ಕೇಳಿ. ಕೆನ್ನೆ ಕಡೆಯಿಂದ ಕೊಟ್ಟರೂ ಅದು ಎಷ್ಟೋ ಸಲ ಅಂಗುಳಿನವರೆಗೆ ಹರಡುತ್ತದೆ.

ಈಗ ಕುರ್ಚಿಯಲ್ಲಿ ಕೂತ ಕೂಡಲೇ 'ಹಳೂ ಹಳೂ ಸೋಡಾ' (ನಿಧಾನವಾಗಿ ಬಿಡಿ) ಎಂದು ಮರಾಠಿಯಲ್ಲೇ ಹೇಳುತ್ತೇನೆ. ಯಾರೂ ಬೇಸರಪಟ್ಟಿಲ್ಲ. ಅಪಾಯಿಂಟ್‌ಮೆಂಟ್ ಮಾತ್ರ ಬೆಳಿಗ್ಗೆ ಮೊದಲನೆಯದನ್ನೇ ತೆಗೆದುಕೊಳ್ಳುತ್ತೇನೆ. ಆಫೀಸ್ ಬಿಟ್ಟು ಲೋಕಲ್ ಇಳಿದವರೆಲ್ಲ ಸಂಜೆ ಕ್ಲಿನಿಕ್ ಮುಂದೆ ಕೂತಿರುವಾಗ ಎರಡು ನಿಮಿಷ ನಿಧಾನಿಸಲು ಯಾವ ಡಾಕ್ಟರಿಗೂ ಕಷ್ಟ, ಅಲ್ವಾ?